ಕೀಬೋರ್ಡ್ ಸತ್ತರೆ ಮದರ್‌ಬೋರ್ಡ್ ಬದಲಿಸಬೇಕಿಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದರೂ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವುದಿಲ್ಲ. ಕಾರಣ ಕೇಳಿದರೆ ಬಹಳ ಸಲ ಒಂದೇ ಉತ್ತರ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಎಫ್1 ಒತ್ತಿ’ ಎಂದು ಇಂಗ್ಲಿಷಿನಲ್ಲಿ ಬರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ‘ಸಿಸ್ಟಂ ಕೆಟ್ಟಿದೆ’ ಎಂದು ಬಟ್ಟೆ ಹೊದಿಸಿಬಿಡುತ್ತಾರೆ. ನಾನು ಹೊಸದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಜೂನ್ ಬಂತೆಂದರೆ ಸುತ್ತಲಿನ ಊರುಗಳ ಮೇಷ್ಟ್ರುಗಳು ಸಿಪಿಯು ಡಬ್ಬಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಹಾಗೆ ಬಂದವುಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಮ್ಮಿ.

ಈ ಸಲ ಒಬ್ಬ ಮುಖ್ಯೋಪಾಧ್ಯಾಯರು ಕೈಯಲ್ಲಿ ಕೊಟೇಶನ್ ಹಿಡಿದು ಬಂದಿದ್ದರು. ಮದರ್‌ಬೋರ್ಡ್ ಎಂಬ ಒಳಗಿನ ಮುಖ್ಯ ಬೋರ್ಡ್ ಹೋಗಿದೆ, ಬದಲಿಸಬೇಕು ಎಂದು ಯಾರೋ ಬರೆದುಕೊಟ್ಟಿದ್ದರು. ಕೀಬೋರ್ಡನ್ನೂ ತಂದಿದ್ದು ಒಳ್ಳೆಯದಾಯಿತು. ಸ್ವಿಚ್ ಹಾಕಿದ ಕೂಡಲೇ ಕೀಬೋರ್ಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಗ ಅದರ ಮೂರು ಪುಟ್ಟ ದೀಪಗಳು ಒಮ್ಮೆ ಮಿನುಗುತ್ತವೆ. ಇಲ್ಲಿ ಮಿನುಗಲಿಲ್ಲ. ಅಂದರೆ ಕರೆಂಟೇ ಅಲ್ಲಿಗೆ ಹೋಗುತ್ತಿಲ್ಲ. ಪ್ಲಗ್ ಕಿತ್ತು ಬೆಳಕಿಗೆ ಹಿಡಿದೆ. ನೇರಳೆ ಬಣ್ಣದ ದುಂಡು ಪ್ಲಗ್ ಅದು, ಒಳಗೆ ಆರು ಪಿನ್. ಒಂದು ಪಿನ್ ಪೂರ್ತಿ ಮಲಗಿಕೊಂಡಿತ್ತು. ಪ್ಲಗ್ಗನ್ನು ತಿರುವುಮುರುವು ಹಿಡಿದು ಬಲವಾಗಿ ಒತ್ತಿದರೆ ಹೀಗಾಗುತ್ತದೆ. ಬಾಲ್‌ಪೆನ್ನಿನ ಖಾಲಿ ರೀಫಿಲ್ ತೆಗೆದುಕೊಂಡು, ತುದಿ ಕತ್ತರಿಸಿ, ಆ ಕೊಳವೆಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ಎತ್ತಿದೆ. ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಹಾಕಿ ಮತ್ತೆ ಆನ್ ಮಾಡಿದರೆ ದೀಪ ಬಂತು, ಎಫ್1 ಕೂಡ ಕೆಲಸ ಮಾಡಿತು. ಈ ದುಂಡು ಪ್ಲಗ್ಗನ್ನು ಮಾತ್ರ ಕಂಪ್ಯೂಟರ್ ಆನ್ ಇದ್ದಾಗ ಕೀಳಬಾರದು, ಹಾಕಲೂಬಾರದು. ಯುಎಸ್‌ಬಿಗೆ ಆ ಭಯವಿಲ್ಲ.

ಕೊಟೇಶನ್ ಬರೆದವರು ದೀಪ ನೋಡಿದ್ದರೆ ಸಾಕಿತ್ತು.

ದೀಪ ಮಿನುಗಿಯೂ ಕೀ ಕೆಲಸ ಮಾಡದಿದ್ದರೆ ಬೇರೆ ಕಡೆ ನೋಡಬೇಕು. ಎರಡು ತಿಂಗಳು ಕರೆಂಟ್ ಇಲ್ಲದೆ ಬಿದ್ದಿರುವ ಹಳೆ ಕಂಪ್ಯೂಟರಿನಲ್ಲಿ ಬಯಾಸ್ ಬ್ಯಾಟರಿ ಖಾಲಿಯಾಗಿರಬಹುದು. ಬಯಾಸ್ ಎಂದರೆ ವಿಂಡೋಸಿಗಿಂತ ಮೊದಲು ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ. ಅದರ ಬ್ಯಾಟರಿ ಎಂದರೆ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಹೋದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಮಾಡಿಟ್ಟ ಸೆಟ್ಟಿಂಗೂ ಅಳಿಸಿಹೋಗುತ್ತವೆ. ಎಫ್1 ಸಾಲು ಆಗಲೂ ಬರುತ್ತದೆ. ಕೆಲವು ಹಳೆ ಬೋರ್ಡುಗಳಲ್ಲಿ ಅದರ ಜೊತೆಗೆ ‘ಲೆಗಸಿ ಯುಎಸ್‌ಬಿ ಸಪೋರ್ಟ್’ ಎಂಬ ಬಯಾಸ್ ಸೆಟ್ಟಿಂಗ್ ಕೂಡ ಆಫ್ ಆಗಿಬಿಡುತ್ತದೆ. ವಿಂಡೋಸ್ ಬರುವ ತನಕ ಯುಎಸ್‌ಬಿ ಕೀಬೋರ್ಡ್ ಸತ್ತಂತೆಯೇ. ಆದರೆ ಎಫ್1 ಒತ್ತದೆ ವಿಂಡೋಸ್ ಬರುವುದಿಲ್ಲ! ಹೊಸ ಬ್ಯಾಟರಿ ಹಾಕಿ, ದುಂಡು ಪ್ಲಗ್ಗಿನ ಕೀಬೋರ್ಡ್ ಒಂದಿದ್ದರೆ ಸಿಕ್ಕಿಸಿ, ಬಯಾಸ್ ಒಳಗೆ ಹೋಗಿ, ಅದನ್ನು ಆನ್ ಮಾಡಿ ಸೇವ್ ಮಾಡಿದರೆ ಮುಗಿಯಿತು. ಬ್ಲೂಟೂತ್ ಕೀಬೋರ್ಡನ್ನು ಈ ಕೆಲಸಕ್ಕೆ ನಂಬಬೇಡಿ.

ಹೊಸ ಮಷೀನಿಗೆ ಇದೆಲ್ಲ ಬರುವುದಿಲ್ಲ ಎಂದುಕೊಳ್ಳುವುದೂ ತಪ್ಪು. 2025ರ ಅಕ್ಟೋಬರ್ 14ರಂದು ಬಂದ ವಿಂಡೋಸ್ 11 ಅಪ್‌ಡೇಟ್ ಹಾಕಿಕೊಂಡ ಕಂಪ್ಯೂಟರುಗಳಲ್ಲಿ ರಿಕವರಿ ಪರದೆಯೊಳಗೆ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡಲಿಲ್ಲ. ವಿಂಡೋಸ್ ತೆರೆದರೆ ಎಲ್ಲ ಸರಿ, ರಿಪೇರಿಗೆಂದು ರಿಕವರಿಗೆ ಹೋದರೆ ಮಾತ್ರ ಕೈಕಟ್ಟು. ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಂಡು ಅಕ್ಟೋಬರ್ 20ರಂದು ಬೇರೆ ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಆ ವಾರ ಎಷ್ಟು ಜನ ಸುಮ್ನೆ ಹೊಸ ಕೀಬೋರ್ಡ್ ಕೊಂಡರೋ!

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಕೆಲವು ಶಾಲೆಗಳ ಕಂಪ್ಯೂಟರಿನಲ್ಲಿ ಸರಬರಾಜು ಮಾಡಿದವರು ಬಯಾಸಿಗೆ ಪಾಸ್‌ವರ್ಡ್ ಹಾಕಿ ಹೋಗಿರುತ್ತಾರೆ. ಮಕ್ಕಳು ಸೆಟ್ಟಿಂಗ್ ಕೆಡಿಸಬಾರದು ಎಂಬ ಉದ್ದೇಶ ಸರಿಯೇ. ಆದರೆ ಆ ಪಾಸ್‌ವರ್ಡ್ ಶಾಲೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ವಾರಂಟಿ ಮುಗಿದ ಮೇಲೆ ಫೋನ್ ಮಾಡಿದರೆ ಎತ್ತುವವರಿಲ್ಲ. ಒಂದು ಸೆಟ್ಟಿಂಗ್ ಬದಲಿಸಲು ಆಗದೆ ಕಂಪ್ಯೂಟರ್ ಮೂಲೆ ಸೇರುತ್ತದೆ. ಒಂಬತ್ತನೇ ಕ್ಲಾಸಿನ ಮಕ್ಕಳು ಕೀಬೋರ್ಡಿನ ಚಿತ್ರವನ್ನು ನೋಟ್ಸಿನಲ್ಲಿ ಬರೆದುಕೊಂಡು ಪರೀಕ್ಷೆಗೆ ಹೋಗುತ್ತಾರೆ. ಸರ್ಕಾರದ ದುಡ್ಡಿನಲ್ಲಿ ಕೊಂಡ ಮಷೀನಿನ ಪಾಸ್‌ವರ್ಡ್ ಶಾಲೆಯದ್ದೇ ಅಲ್ವಾ?

ಶಿಕ್ಷಣ ಇಲಾಖೆಯವರಲ್ಲಿ ನನ್ನ ಬೇಡಿಕೆ ಹೆಚ್ಚು ಖರ್ಚಿನದಲ್ಲ. ಕಂಪ್ಯೂಟರ್ ತೆಗೆದುಕೊಳ್ಳುವಾಗಲೇ ಬಯಾಸ್ ಪಾಸ್‌ವರ್ಡ್ ಬರೆದ ಲಕೋಟೆಯನ್ನು ಮುಖ್ಯೋಪಾಧ್ಯಾಯರಿಗೆ ಕೊಡಬೇಕು ಎಂದು ಟೆಂಡರಿನಲ್ಲಿ ಸೇರಿಸಿ. ಹಳೆಯ ಕಂಪ್ಯೂಟರ್ ಇರುವ ಪ್ರತಿ ಲ್ಯಾಬಿನ ಬೀರುವಿನಲ್ಲಿ ದುಂಡು ಪ್ಲಗ್ಗಿನ ಒಂದು ಕೀಬೋರ್ಡ್, ಒಂದೆರಡು ಸಿಆರ್2032 ಬ್ಯಾಟರಿ ಇರಲಿ. ದೀಪ ನೋಡುವುದು, ಪಿನ್ ನೋಡುವುದು, ಹಿಂಬದಿಯ ಬೇರೆ ಯುಎಸ್‌ಬಿ ಕಿಂಡಿಗೆ ಹಾಕುವುದು, ಬಯಾಸ್ ತೆರೆಯುವುದು, ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ಹಾಳೆಯ ಒಕ್ಕಣೆ ಬೇಕಾದರೆ ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ. ಮುಂದಿನ ಮೇ ತಿಂಗಳೊಳಗೆ ಶಾಲೆಗಳಿಗೆ ತಲುಪಿದರೆ ಸಾಕು.

ಇಂತಿ,
ಕಂಪ್ಯೂಟರ್ ರಿಪೇರಿ ಅಂಗಡಿಯವ, ಹೊಸದುರ್ಗ, ಚಿತ್ರದುರ್ಗ ಜಿಲ್ಲೆ