ಮೂರು ರಿಂಗಿನ ವಿಷಯ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ಮಾತು ಅರ್ಧಕ್ಕೇ ನಿಂತೋಯ್ತು. ಮಾದಾಪುರದ ಕಡೆ ಎರಡು ದಿನದಿಂದ ಗಾಳಿ ಮಳೆ, ಲೈನ್ ಮೇಲೆ ಮರ ಬಿದ್ದು ಕರೆಂಟಿಲ್ಲ, ಟವರೂ ಇಲ್ಲ, ಅದಕ್ಕೇ ಕೂತು ಬರೀತಾ ಇದೀನಿ, ನೆಟ್‌ವರ್ಕ್ ಬಂದಾಗ ಹಾಕ್ತೀನಿ. ನೀನು ಕೇಳಿದ್ದು ಎರಡು. ಮೈಸೂರಲ್ಲಿ ಸ್ಕೈಡೈವಿಂಗಿಗೆ ಬುಕ್ ಮಾಡ್ಲಾ ಅಂತ ಒಂದು, ಪ್ಯಾರಾಚೂಟ್ ಕಂಡುಹಿಡಿದಿದ್ದು ಡ ವಿಂಚಿ ತಾನೆ ಅಂತ ಇನ್ನೊಂದು. ಮೊದಲನೇದಕ್ಕೆ ಹೂಂ, ಮಾಡು. ಎರಡನೇದು ಒಂದು ಮಾತಲ್ಲಿ ಮುಗಿಯೋದಲ್ಲ ಮಾರಾಯ.

ಡ ವಿಂಚಿ ಚಿತ್ರ ಬರೆದಿದ್ದು ನಿಜ, ಆದ್ರೆ ಅದು ಕಾಗದದ ಮೇಲಿಂದು. 1783ರಲ್ಲಿ ಫ್ರಾನ್ಸಿನ ಲೆನೊರ್ಮಾನ್ ಕಟ್ಟಡದ ಮೇಲಿಂದ ಇಳಿದು ತೋರಿಸಿದ, ಪ್ಯಾರಾಚೂಟ್ ಅನ್ನೋ ಹೆಸರೂ ಅವನದೇ. 1797ರಲ್ಲಿ ಪ್ಯಾರಿಸ್ಸಲ್ಲಿ ಗಾರ್ನೆರಿನ್ ಬಲೂನಿಂದ ಇಳಿದ, ಇಳಿಯೋವಾಗ ಅವನ ಬುಟ್ಟಿ ತೊಟ್ಟಿಲ ಥರ ತೂಗಾಡ್ತಂತೆ. ಕೊಡೆ ಕೆಳಗೆ ಸಿಕ್ಕಿಬಿದ್ದ ಗಾಳಿ ಒಂದ್ಸಲ ಈ ಅಂಚಿಂದ ಒಂದ್ಸಲ ಆ ಅಂಚಿಂದ ಹೊರಗೆ ಚೆಲ್ಲತ್ತಲ್ಲ, ಅದಕ್ಕೆ. ಆಮೇಲೆ ನೆತ್ತಿ ಮೇಲೊಂದು ತೂತು ಮಾಡಿದ್ರು, ತೂಗಾಟ ಕಮ್ಮಿ ಆಯ್ತು.

ನಂಗೆ ಇವರಿಗಿಂತ ಹೆಚ್ಚು ಇಷ್ಟ ಆಗೋದು ಜರ್ಮನಿಯ ಕೇಟೆ ಪೌಲುಸ್. 1890ರ ದಶಕದಲ್ಲೇ ಬಲೂನಿಂದ ಜಿಗಿದು, ಒಂದು ಪ್ಯಾರಾಚೂಟ್ ಬಿಚ್ಚಿ, ಅದನ್ನ ಬೇಕಂತಲೇ ಕಳಚಿ ಬಿಟ್ಟು, ಮತ್ತೆ ಬಿದ್ದು, ಎರಡನೇದನ್ನ ಬಿಚ್ಚಿ ಇಳೀತಿದ್ದಳು. ಮಡಚಿ ಚೀಲಕ್ಕೆ ತುಂಬೋ ಥರದ ಪ್ಯಾರಾಚೂಟ್ ಹೊಲಿದವಳೂ ಅವಳೇ, ಮೊದಲ ಮಹಾಯುದ್ಧಕ್ಕೆ ಸುಮಾರು 7000 ಹೊಲಿದುಕೊಟ್ಟಳು. ರಷ್ಯಾದಲ್ಲಿ ಕೊಟೆಲ್ನಿಕೋವ್ ಅಂತ ಒಬ್ಬ, 1910ರಲ್ಲಿ ಕಣ್ಣೆದುರೇ ಒಬ್ಬ ಪೈಲಟ್ ವಿಮಾನದಿಂದ ಬಿದ್ದು ಸತ್ತಿದ್ದು ನೋಡಿ ತಡ್ಕೊಳ್ಳೋಕಾಗದೆ, ಮಾರನೇ ವರ್ಷವೇ ಬೆನ್ನಿಗೆ ಕಟ್ಟೋ ಪ್ಯಾರಾಚೂಟ್ ಮಾಡಿದ. ಅಮೆರಿಕದ ಟೈನಿ ಬ್ರಾಡ್ವಿಕ್ 1914ರಲ್ಲಿ ಸೈನ್ಯದವರ ಮುಂದೆ ಜಿಗಿದು ತೋರಿಸ್ತಿರೋವಾಗ ಪ್ಯಾರಾಚೂಟ್ ಬಿಚ್ಚೋ ಹಗ್ಗ ವಿಮಾನದ ಬಾಲಕ್ಕೆ ಸಿಕ್ಕಾಕೊಂಡಿತು, ಮುಂದಿನ ಸಲ ಆ ಹಗ್ಗ ಕತ್ತರಿಸಿಕೊಂಡು ಬಂದು ಕೈಯಲ್ಲೇ ಎಳೆದು ಬಿಚ್ಚಿದಳು. 1919ರಲ್ಲಿ ಲೆಸ್ಲಿ ಇರ್ವಿನ್ ಓಹಾಯೋದಲ್ಲಿ ವಿಮಾನದಿಂದ ಜಿಗಿದು, ಬೀಳ್ತಾನೇ ರಿಪ್‌ಕಾರ್ಡ್ ಅನ್ನೋ ಬಿಚ್ಚೋ ಹಗ್ಗ ಕೈಯಲ್ಲಿ ಎಳೆದ, ಕಾಲಿನ ಗಂಟು ಮುರೀತು, ಆದ್ರೆ ಬೀಳ್ತಾ ಇರೋ ಮನುಷ್ಯನಿಗೆ ಕೈ ಆಡಿಸೋಕಾಗಲ್ಲ, ಪ್ರಜ್ಞೆ ತಪ್ಪತ್ತೆ ಅಂತಿದ್ದವರ ಬಾಯಿ ಮುಚ್ಚಿತು.

ನಮ್ಮ ಚಿಕ್ಕಪ್ಪ ಪ್ಯಾರಾ ರೆಜಿಮೆಂಟಲ್ಲಿದ್ದೋರು ಗೊತ್ತಲ್ಲ, ಆಗ್ರಾದಲ್ಲಿ ಟ್ರೈನಿಂಗು. ಅವರದ್ದು ದುಂಡಗಿನ ಪ್ಯಾರಾಚೂಟು, ವಿಮಾನಕ್ಕೇ ಕಟ್ಟಿದ ಹಗ್ಗ ಅದನ್ನ ಬಿಚ್ಚತ್ತೆ, ಗಾಳಿ ಎಲ್ಲಿಗೆ ಒಯ್ಯುತ್ತೋ ಹೆಚ್ಚು ಕಮ್ಮಿ ಅಲ್ಲಿಗೇ. ನಾನು ಹೋದ ಡಿಸೆಂಬರಲ್ಲಿ ಮೈಸೂರಲ್ಲಿ ಜಿಗಿದ ವಿಡಿಯೋ ತೋರಿಸಿದಾಗ ಅವರು ನಾಲ್ಕು ಸಲ ನೋಡಿದ್ರು. ನನ್ನನ್ನ ನೋಡ್ಲಿಲ್ಲ, ಪ್ಯಾರಾಚೂಟಿನ ಬಟ್ಟೆ ನೋಡಿದ್ರು. ಆ ಚೌಕದ ಬಟ್ಟೆ ಡೊಮಿನಾ ಜಾಲ್ಬರ್ಟ್ ಅನ್ನೋನದ್ದು, ಗಾಳಿಪಟ ಮಾಡ್ತಿದ್ದೋನು, 1966ರಲ್ಲಿ ಪೇಟೆಂಟ್ ಸಿಕ್ತು. ಎರಡು ಪದರ ಬಟ್ಟೆ, ಮಧ್ಯೆ ಗೋಡೆ ಗೋಡೆ, ಮುಂದಿನ ಬಾಯಿ ತೆರೆದಿರತ್ತೆ, ಒಳಗೆ ಗಾಳಿ ನುಗ್ಗಿ ಉಬ್ಬಿ ಬಟ್ಟೆಯೇ ರೆಕ್ಕೆ ಆಗತ್ತೆ. ಅದಕ್ಕೇ ಅದು ಬರೀ ಇಳಿಯಲ್ಲ, ಹಾರತ್ತೆ, ತಿರುಗತ್ತೆ, ನೆಲದ ಹತ್ರ ಬಂದಾಗ ಬ್ರೇಕ್ ಎಳೆದ್ರೆ ನಿಧಾನ ಆಗತ್ತೆ. ಆದ್ರೆ ಶುರುವಿನ ಚೌಕದ ಪ್ಯಾರಾಚೂಟ್‌ಗಳು ಒಂದೇ ಏಟಿಗೆ ಬಿಚ್ಕೊಂಡು ಮೈ ಜಖಂ ಆಗೋ ಥರ ಎಳೀತಿದ್ವು. ಅದಕ್ಕೆ ಸಿಕ್ಕ ಪರಿಹಾರ ಸ್ಲೈಡರ್ರು, ನಾಲ್ಕು ಮೂಲೆಗೆ ರಿಂಗಿರೋ ಒಂದು ಸಣ್ಣ ಬಟ್ಟೆ, ದಾರಗಳ ಮೇಲೆ ನಿಧಾನಕ್ಕೆ ಜಾರಿ ಬರತ್ತೆ, ಅದು ಬಂದಷ್ಟೇ ಪ್ಯಾರಾಚೂಟ್ ಅಗಲ ಆಗತ್ತೆ.

ಈಗ ನಾನು ನಿಜವಾಗ್ಲೂ ಹೇಳಬೇಕಂತಿದ್ದದ್ದು. ಜಿಗಿಯೋಕೆ ಮುಂಚೆ ಪ್ಯಾಕಿಂಗ್ ಮಾಡ್ತಿದ್ದ ಹುಡುಗನ ಹತ್ರ ಹೋಗಿ ಕೇಳಿದೆ, ಮೇನ್ ಪ್ಯಾರಾಚೂಟ್ ಸಿಕ್ಕಾಕೊಂಡ್ರೆ ಏನು ಗತಿ ಅಂತ. ಅವನು ಭುಜದ ಪಟ್ಟಿ ತೋರಿಸಿದ. ಮೂರು ಸ್ಟೀಲ್ ರಿಂಗು, ದೊಡ್ಡದು, ಮಧ್ಯದ್ದು, ಸಣ್ಣದು. ದೊಡ್ಡದು ನಮ್ಮ ಮೈಗೆ ಕಟ್ಟಿದ ಪಟ್ಟಿಗಿರತ್ತೆ, ಉಳಿದೆರಡು ಪ್ಯಾರಾಚೂಟಿನ ಕಡೆಗೆ. ಮಧ್ಯದ್ದು ದೊಡ್ಡದರೊಳಗೆ ತೂರಿ ಮಡಚಿಕೊಳ್ಳತ್ತೆ, ಸಣ್ಣದು ಮಧ್ಯದ್ದರೊಳಗೆ ತೂರಿ ಮಡಚಿಕೊಳ್ಳತ್ತೆ, ಸಣ್ಣದನ್ನ ಹಿಡಿದಿರೋದು ಒಂದು ದಾರದ ಕುಣಿಕೆ, ಆ ಕುಣಿಕೆಯನ್ನ ಹಿಡಿದಿರೋದು ಒಂದು ಹಳದಿ ಕೇಬಲ್. ಅಷ್ಟೇ. ಒಂದು ಜೊತೆ ಪಟ್ಟಿಗೆ ಅವನೇ ನೇತಾಡಿ, ಎರಡು ಬೆರಳಲ್ಲಿ ಕೇಬಲ್ ಎಳೀರಿ ಅಂದ. ಎಳೆದೆ. ಟಕ್ ಟಕ್ ಅಂತ ಮೂರೂ ಮಗುಚಿ ಅವನು ನೆಲಕ್ಕೆ ಬಂದ. ನನ್ನ ಬೆರಳಿಗೆ ಭಾರವೇ ಗೊತ್ತಾಗ್ಲಿಲ್ಲ ಕಣೋ! ಕಡಿದ ಸಿಲ್ವರ್ ಓಕ್ ದಿಮ್ಮಿನ ಹಾರೆ ಕೊಟ್ಟು ಎಬ್ಬಿಸ್ತೀವಲ್ಲ, ಅದೇ ಸನ್ನೆಗೋಲಿನ ಲೆಕ್ಕ, ಪ್ರತಿ ರಿಂಗಲ್ಲೂ ಭಾರ ಇಳೀತಾ ಇಳೀತಾ ಕೊನೇ ದಾರಕ್ಕೆ ಅತ್ಯಲ್ಪ ಉಳಿಯತ್ತೆ.

ಇದನ್ನ ಮಾಡಿದೋನು ಬಿಲ್ ಬೂತ್, ಅಮೆರಿಕದೋನು, 1970ರ ದಶಕದಲ್ಲಿ. ಅದಕ್ಕೆ ಮುಂಚೆ ಎರಡೂ ಭುಜಕ್ಕೆ ಬೇರೆ ಬೇರೆ ಲೋಹದ ಕ್ಲಿಪ್ಪು, ಮುಚ್ಚಳ ತೆಗೆದು ಒಂದೊಂದನ್ನೂ ಕಳಚಬೇಕು, ಒಂದು ಬಿಚ್ಕೊಂಡು ಇನ್ನೊಂದು ಬಿಚ್ಕೊಳ್ಳದಿದ್ರೆ ಯೋಚನೆ ಮಾಡು, ತಿರುಗ್ತಾ ಬೀಳ್ತಿರೋವಾಗ. ಈಗ ಬಲಗಡೆ ಒಂದು ಹಿಡಿ ಎಳೆದ್ರೆ ಎರಡೂ ಭುಜ ಒಟ್ಟಿಗೆ ಬಿಟ್ಟು ಸಿಕ್ಕಾಕೊಂಡ ಮೇನ್ ಕಳಚಿ ಹೋಗತ್ತೆ, ಎಡಗಡೇದು ಎಳೆದ್ರೆ ರಿಸರ್ವ್, ಅಂದ್ರೆ ಎರಡನೇ ಪ್ಯಾರಾಚೂಟ್, ಬಿಚ್ಕೊಳ್ಳತ್ತೆ. ಮೇನ್ ಪ್ಯಾರಾಚೂಟನ್ನ ಹೊರಗೆಳೆಯೋಕೆ ಕೈಯಲ್ಲಿ ಎಸೆಯೋ ಪುಟ್ಟ ಪ್ಯಾರಾಚೂಟ್, ಅಂದ್ರೆ ಪೈಲಟ್ ಚೂಟೂ ಬೂತ್‌ದೇ. ಬೀಳೋ ಮನುಷ್ಯನ ಬೆನ್ನ ಹಿಂದೆ ಗಾಳಿ ಸುಳಿಯಾಗಿರತ್ತೆ, ಹಳೇ ಸ್ಪ್ರಿಂಗಿನ ಪುಟ್ಟ ಪ್ಯಾರಾಚೂಟ್ ಅದರೊಳಗೇ ಒದ್ದಾಡ್ತಾ ಉಳೀತಿತ್ತು, ಇವನು ಅದನ್ನ ಕೈಗೆ ಕೊಟ್ಟ, ಪಕ್ಕದ ಒಳ್ಳೇ ಗಾಳಿಗೆ ಎಸೆಯೋ ಹಾಗೆ. ನೀನು ಬುಕ್ ಮಾಡೋ ಟ್ಯಾಂಡಮ್ಮೂ, ಅಂದ್ರೆ ಟ್ರೈನರ್ ಮೈಗೆ ಕಟ್ಕೊಂಡು ಇಬ್ಬರೂ ಒಂದೇ ಪ್ಯಾರಾಚೂಟಲ್ಲಿ ಇಳಿಯೋದೂ, 1980ರ ದಶಕದಲ್ಲಿ ಬೂತ್ ಮತ್ತೆ ಟೆಡ್ ಸ್ಟ್ರಾಂಗ್ ಮಾಡಿದ್ದು. ಇಬ್ಬರ ಭಾರಕ್ಕೆ ವೇಗ ಜಾಸ್ತಿ ಆಗತ್ತೆ ಅಂತ ಹಿಂದೆ ಡ್ರೋಗ್ ಅಂತ ಪುಟ್ಟ ಪ್ಯಾರಾಚೂಟ್ ಬಿಡ್ತಾರೆ, ಒಬ್ಬರು ಬೀಳೋ ವೇಗಕ್ಕೆ ಇಳಿಸೋಕೆ.

ಇನ್ನು ಏನೂ ಎಳೆಯದೇ ಇದ್ರೆ? ಅದಕ್ಕೆ ಜರ್ಮನಿಯ ಹೆಲ್ಮುಟ್ ಕ್ಲೋತ್ 1991ರಲ್ಲಿ ಸೈಪ್ರೆಸ್ ಅನ್ನೋ ಪುಟ್ಟ ಯಂತ್ರ ತಂದ. ಒಬ್ಬರೇ ಜಿಗಿಯೋರ ಯಂತ್ರ ಸುಮಾರು 225 ಮೀಟರ್ ಎತ್ತರಕ್ಕೆ ಬಂದ್ರೂ ವೇಗ ಇಳಿದಿಲ್ಲ ಅಂದ್ರೆ ತಾನೇ ರಿಸರ್ವ್ ಮುಚ್ಚಿರೋ ದಾರ ಕತ್ತರಿಸಿ ಹಾಕತ್ತೆ, ಟ್ಯಾಂಡಮ್ ಯಂತ್ರ ಇನ್ನೂ ಮೇಲೇ. ಪ್ರಜ್ಞೆ ಇಲ್ಲದೋನನ್ನೂ ಉಳಿಸೋ ಯಂತ್ರ ಇದು, ನಂಗೆ ಇದನ್ನ ಓದಿದಾಗ ಕಣ್ಣಲ್ಲಿ ನೀರು ಬಂತು.

ಅಮ್ಮ ಹೆದರ್ತಾರೆ ಅಂದಿದ್ಯಲ್ಲ. ನಮ್ಮ ಕೊಡಗಿನ ನಂದಾ ಕಾರ್ಯಪ್ಪ ಅವರ ವಿಷಯ ಹೇಳು. 1965ರ ಯುದ್ಧದಲ್ಲಿ ಅವರ ಹಂಟರ್ ವಿಮಾನ ಹೊಡೆತ ತಿಂದು, ಎಜೆಕ್ಟ್ ಆಗಿ, ಸೆರೆ ಸಿಕ್ಕಿ, ವಾಪಸ್ ಬಂದು ಏರ್ ಮಾರ್ಷಲ್ ಆದ್ರು. ಅಲ್ಲೂ ಕೊನೆಗೆ ನೆಲಕ್ಕಿಳಿಸಿದ್ದು ಪ್ಯಾರಾಚೂಟೇ.

ಹುತ್ತರಿಗೆ ಬಾ. ಮೂರು ರಿಂಗು, ಹಳೇ ಲಗೇಜ್ ಬೆಲ್ಟು, ಬ್ರೇಕ್ ಕೇಬಲ್ ಸೇರಿಸಿ ಒಂದು ಮಾಡಿ ಗೋಡೌನ್ ತೊಲೆಗೆ ತೂಗು ಹಾಕಿದೀನಿ, ಐವತ್ತು ಕೆಜಿ ಕಾಫಿ ಮೂಟೆ ನೇತು ಹಾಕಿದ್ರೂ ಹಿಡೀತದೆ. ಮೊನ್ನೆ ಚಿಕ್ಕಪ್ಪ ಬಂದು ಎರಡು ಬೆರಳಲ್ಲಿ ಎಳೆದ್ರು, ಮೂಟೆ ದೊಪ್ಪಂತ ಬಿತ್ತು. ಸ್ವಲ್ಪ ಹೊತ್ತು ರಿಂಗುಗಳನ್ನ ಕೈಯಲ್ಲಿ ತಿರುಗಿಸಿ ನೋಡಿ, ಮತ್ತೆ ಕಟ್ಟು ಅಂದ್ರು.

ನಿನ್ನ ಗೆಳೆಯ