ಮೊದಲು ನೀನೇ ಆ್ಯಪ್ ಆಗು

ಪ್ರೀತಿಯ ಪುಟ್ಟಿ,

ನಿನ್ನ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮೊದಲ ಸಲ ಸುಮ್ನೆ ಖುಷಿಗೆ, ಎರಡನೇ ಸಲ ಕಾಗದ ಪೆನ್ನು ಇಟ್ಟುಕೊಂಡು. ವಯಸ್ಸಾದ ಅಪ್ಪ ಅಮ್ಮ ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಂಡರೋ ಇಲ್ಲವೋ ಅಂತ ದೂರದಲ್ಲಿರುವ ಮಕ್ಕಳಿಗೆ ತಿಳಿಸುವ ಆ್ಯಪ್. ಯೋಚನೆ ಚೆನ್ನಾಗಿದೆ. ಅಜ್ಜಿಯನ್ನು ನೋಡಿಯೇ ನಿನಗೆ ಇದು ಹೊಳೆದಿದೆ ಅಂತಲೂ ಗೊತ್ತು.

ಆದರೆ ಕೊನೆಯಲ್ಲಿ ಒಂದು ಮಾತು ಹೇಳಿದೆಯಲ್ಲ, "ನಂಗೆ ಕೋಡಿಂಗ್ ಬರಲ್ಲ ಚಿಕ್ಕಮ್ಮ, ಕೂಡಿಟ್ಟಿರೋ ದುಡ್ಡು ಕೊಟ್ಟು ಯಾರ ಹತ್ರನಾದ್ರೂ ಮಾಡಿಸ್ತೀನಿ" ಅಂತ, ಅದನ್ನು ಕೇಳಿ ಎದೆ ಧಸಕ್ ಅಂತು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನಿಮ್ಮಮ್ಮ ನಿನಗೆ ಹೇಳಿರಲಿಕ್ಕಿಲ್ಲ, ನಾನೂ ಒಂದು ಆ್ಯಪ್ ಮಾಡಿಸಿದ್ದೆ. ಮಕ್ಕಳು ಓದಿ ಮುಗಿಸಿದ ಶಾಲೆ ಪುಸ್ತಕಗಳನ್ನು ಇನ್ನೊಬ್ಬರಿಗೆ ದಾಟಿಸುವ ಆ್ಯಪ್. ಎಂಟು ತಿಂಗಳು ಹಿಡಿಯಿತು. ಉಳಿತಾಯವೆಲ್ಲ ಕರಗಿತು. ಮಾಡಿಕೊಟ್ಟವರನ್ನು ದೂರುವಂತಿಲ್ಲ, ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿಕೊಟ್ಟರು. ಲಾಗಿನ್, ಚಾಟ್, ಮ್ಯಾಪ್, ಪುಸ್ತಕಕ್ಕೆ ಸ್ಟಾರ್ ಕೊಡುವ ವ್ಯವಸ್ಥೆ, ಎಲ್ಲವೂ ಇತ್ತು. ಬಣ್ಣ ಯಾವುದಿರಲಿ ಅಂತಲೇ ಮೂರು ವಾರ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಡೌನ್‌ಲೋಡ್ ಮಾಡಿದವರು 31 ಜನ. ಅದರಲ್ಲಿ 20 ಜನ ನಮ್ಮ ನೆಂಟರೇ. ನಿಮ್ಮಪ್ಪ ಪಾಪ, ಎರಡು ಫೋನಿನಲ್ಲೂ ಹಾಕಿಕೊಂಡಿದ್ದರು.

ಹಳೇ ಪುಸ್ತಕ ಯಾರಿಗಾದರೂ ಬೇಕಾಗುವುದು ವರ್ಷಕ್ಕೆ ಒಂದೆರಡು ವಾರ ಮಾತ್ರ. ಉಳಿದ ಐವತ್ತು ವಾರ ಆ ಆ್ಯಪ್ ತೆರೆಯಲು ಒಬ್ಬರಿಗೂ ಕಾರಣವಿಲ್ಲ. ಆ ಎರಡು ವಾರದಲ್ಲೂ ಜನ ಪಕ್ಕದ ಮನೆಯವರನ್ನೋ ಕ್ಲಾಸಿನ ಗ್ರೂಪಿನಲ್ಲೋ ಕೇಳಿ ಕೆಲಸ ಮುಗಿಸಿಕೊಳ್ಳುತ್ತಾರೆ. ಇಷ್ಟು ತಿಳಿಯಲು ಒಂದು ನೋಟ್‌ಬುಕ್ಕು, ಒಂದು ಫೋನ್ ನಂಬರ್ ಸಾಕಿತ್ತು. "ಪುಸ್ತಕ ಬೇಕಾದವರು, ಕೊಡುವವರು ನನಗೆ ಮೆಸೇಜ್ ಮಾಡಿ" ಅಂತ ಹೇಳಿ, ಯಾರ ಹತ್ತಿರ ಏನಿದೆ ಅಂತ ಬರೆದಿಟ್ಟುಕೊಂಡು ನಾನೇ ಜೋಡಿಸಿದ್ದರೆ ಒಂದು ತಿಂಗಳಲ್ಲಿ ಬಣ್ಣ ಬಯಲಾಗುತ್ತಿತ್ತು.

ಆ್ಯಪ್ ಅಂದರೆ ಏನು ಹೇಳು? ಯಾರೋ ಏನೋ ಕೇಳುತ್ತಾರೆ, ಒಳಗೆ ಏನೋ ನಡೆಯುತ್ತದೆ, ಉತ್ತರ ಹೊರಗೆ ಬರುತ್ತದೆ. ಆ ಒಳಗಿನ ಕೆಲಸವನ್ನು ಶುರುವಿನಿಂದಲೇ ಕಂಪ್ಯೂಟರ್ ಮಾಡಬೇಕು ಅಂತ ಯಾರು ಹೇಳಿದರು? ಹನ್ನೆರಡು ಮನೆಗಾದರೆ ನೀನೇ ಮಾಡಬಹುದು. ಹೊಸದೇನೂ ಅಲ್ಲ ಇದು. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಎಂಬಾತ ಶೂ ಅಂಗಡಿಗೆ ಹೋಗಿ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದ. ಗೋಡೌನ್ ಇಲ್ಲ, ಸ್ಟಾಕ್ ಇಲ್ಲ. ಆರ್ಡರ್ ಬಂದರೆ ಅದೇ ಅಂಗಡಿಗೆ ಹೋಗಿ ಶೂ ಕೊಂಡು ತಂದು ಕಳಿಸುತ್ತಿದ್ದ. ಅದರಲ್ಲಿ ದುಡ್ಡು ಉಳಿಯುವ ಮಾತೇ ಇರಲಿಲ್ಲ. ಆದರೆ ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅನ್ನುವುದು ಅವನಿಗೆ ಖಚಿತವಾಯಿತು. ಮುಂದೆ ಜಾಪೋಸ್ ಅನ್ನುವ ದೊಡ್ಡ ಆನ್‌ಲೈನ್ ಶೂ ಅಂಗಡಿ ಆದದ್ದು ಅದೇ. 2009ರಲ್ಲಿ ಅದನ್ನು ಅಮೆಜಾನ್ ಕೊಂಡಿತು.

ಕಂಪ್ಯೂಟರ್ ಕಂಪನಿ ಐಬಿಎಂನವರು ಅದಕ್ಕೂ ಮೊದಲೇ ಇಂಥದ್ದು ಮಾಡಿದ್ದರು. ಮಾತಾಡಿದರೆ ತಾನೇ ಬರೆದುಕೊಳ್ಳುವ ಯಂತ್ರ ಜನರಿಗೆ ಹಿಡಿಸುತ್ತದಾ ಅಂತ ನೋಡಬೇಕಿತ್ತು. 1980ರ ದಶಕದ ಶುರು ಅದು, ಅಂಥ ಯಂತ್ರ ಎಲ್ಲಿಂದ ಬರಬೇಕು? ಇನ್ನೊಂದು ಕೋಣೆಯಲ್ಲಿ ಒಬ್ಬ ಟೈಪಿಸ್ಟನ್ನು ಕೂರಿಸಿದರು. ಈ ಕಡೆಯವರು ಮೈಕಿನಲ್ಲಿ ಮಾತಾಡುವುದು, ಆ ಕಡೆಯವರು ಟೈಪ್ ಮಾಡುವುದು, ಅಕ್ಷರ ಈ ಕಡೆ ಪರದೆಯ ಮೇಲೆ ಮೂಡುವುದು. ನಿನ್ನ ಆ್ಯಪಿನಲ್ಲಿ ಆ ಟೈಪಿಸ್ಟ್ ನೀನೇ.

ಈಗ ನಿನ್ನ ವಿಷಯಕ್ಕೆ ಬರೋಣ. ನಿನ್ನ ಆ್ಯಪ್ ಮಾಡುವ ಕೆಲಸ ಇಷ್ಟೇ ಅಲ್ವಾ: ಹೊತ್ತಿಗೆ ನೆನಪಿಸುವುದು, ತಗೊಂಡರಾ ಅಂತ ಕೇಳುವುದು, ಉತ್ತರ ಬಾರದಿದ್ದರೆ ಮಗನಿಗೋ ಮಗಳಿಗೋ ತಿಳಿಸುವುದು. ಇದಕ್ಕೆ ವಾಟ್ಸಾಪ್ ಸಾಕು. ಹನ್ನೆರಡು ಮನೆ ಹುಡುಕಿಕೊಂಡು ಮನೆಗೊಂದು ಗ್ರೂಪ್ ಮಾಡು. ಬೆಳಿಗ್ಗೆ 8ಕ್ಕೆ "ಅಮ್ಮಾ, ಬೆಳಗಿನ ಮಾತ್ರೆ ಆಯ್ತಾ?" ಅಂತ ನೀನೇ ಕಳಿಸು. ಅರ್ಧ ಗಂಟೆಯಲ್ಲಿ ಉತ್ತರ ಬಾರದಿದ್ದರೆ ಮಕ್ಕಳಿಗೆ ಮೆಸೇಜ್. ಯಾರು ಎಷ್ಟು ಹೊತ್ತಿಗೆ ಏನು ಉತ್ತರ ಕೊಟ್ಟರು ಅಂತ ಒಂದು ಗೂಗಲ್ ಶೀಟಿನಲ್ಲಿ ಬರೆದಿಡು. ಎರಡು ವಾರ ಹೀಗೇ ನಡೆಸು.

ಬೇಜಾರಿನ ಕೆಲಸ, ನಿಜ. ಮೂರನೇ ದಿನಕ್ಕೇ ನೀನು ನನಗೆ ಬೈಯುತ್ತೀಯ. ಆದರೆ ಹೀಗೆ ಕೈಯಾರೆ ಮಾಡುವಾಗ ಕಣ್ಣಿಗೆ ಬೀಳುವ ಸಂಗತಿಗಳು ಕೋಡ್ ಬರೆಯುವವರಿಗೆ ಕಾಣುವುದಿಲ್ಲ. ನಮ್ಮ ಮನೆಯದ್ದೇ ಹೇಳುತ್ತೇನೆ ಕೇಳು. ನಿನ್ನ ಅಜ್ಜಿಗೆ ಮರೆವು ಇಲ್ಲವೇ ಇಲ್ಲ. ಮಾತ್ರೆ ಎಷ್ಟು ಹೊತ್ತಿಗೆ, ಯಾವ ಬಣ್ಣದ್ದು, ಎಲ್ಲ ಬಾಯಿಪಾಠ. "ತಗೊಂಡ್ಯಾ ಅಮ್ಮಾ" ಅಂದರೆ "ಹೂಂ, ಆಗಲೇ ಆಯ್ತು" ಅಂತ ತಟ್ಟನೆ ಉತ್ತರ. ಹೋದ ತಿಂಗಳು ದಿಂಬಿನ ಕವರ್ ಒಗೆಯಲು ತೆಗೆದರೆ ಒಳಗೆ ನಾಲ್ಕು ಬಿಳಿ ಮಾತ್ರೆ. ಕೇಳಿದರೆ, ಅದು ನುಂಗಿದರೆ ತಲೆ ಸುತ್ತುತ್ತದಂತೆ, ಹೇಳಿದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೀರಿ ಅಂತ ಹೇಳಲಿಲ್ಲವಂತೆ! ನಿನ್ನ ಆ್ಯಪ್ ಇದ್ದಿದ್ದರೆ ಆ ನಾಲ್ಕೂ ದಿನ ಹಸಿರು ಟಿಕ್ ಬಿದ್ದಿರುತ್ತಿತ್ತು. ನಿಮ್ಮಮ್ಮ ದೂರದಲ್ಲಿ ನೆಮ್ಮದಿಯಾಗಿ ಇರುತ್ತಿದ್ದಳು.

ನೋಡು, ನಿನ್ನ ಆ್ಯಪ್ ಒಂದು ನಂಬಿಕೆಯ ಮೇಲೆ ನಿಂತಿದೆ. ತೊಂದರೆ ಇರುವುದು ಮರೆವಿನಲ್ಲಿ ಅಂತ. ಕೆಲವು ಮನೆಗಳಲ್ಲಿ ಅದು ನಿಜವೇ ಇರಬಹುದು. ಕೆಲವು ಮನೆಗಳಲ್ಲಿ ಮಾತ್ರೆ ಖಾಲಿಯಾದದ್ದು ಕೊನೇ ದಿನದವರೆಗೆ ಯಾರಿಗೂ ಗೊತ್ತಾಗದಿರುವುದು ತೊಂದರೆ. ಇನ್ನು ಕೆಲವು ಕಡೆ ಅಪ್ಪ ಫೋನ್ ಮುಟ್ಟುವುದೇ ಇಲ್ಲ, ಮಾತ್ರೆ ಕೊಡುವವರು ಬೇರೆ ಯಾರೋ. ಯಾವ ಮನೆಯಲ್ಲಿ ಯಾವುದು ಅಂತ ಆ ಹನ್ನೆರಡು ಗ್ರೂಪುಗಳೇ ನಿನಗೆ ಹೇಳುತ್ತವೆ. ಆ್ಯಪಿನ ರೂಪವೇ ಆಗ ಬದಲಾಗಬಹುದು. ಬದಲಾಗಲಿ, ಇನ್ನೂ ಒಂದು ಕಾಸೂ ಖರ್ಚಾಗಿಲ್ಲವಲ್ಲ.

ಇದಕ್ಕೂ ಮೊದಲು ಜನರ ಹತ್ತಿರ ಮಾತಾಡು. ಆದರೆ "ಇಂಥಾ ಆ್ಯಪ್ ಬಂದರೆ ಬಳಸ್ತೀರಾ?" ಅಂತ ಮಾತ್ರ ಕೇಳಬೇಡ. ಎಲ್ಲರೂ "ಓ, ಖಂಡಿತಾ" ಅನ್ನುತ್ತಾರೆ. ನನಗೂ ಹಾಗೇ ಹೇಳಿದ್ದರು, ನಾನು ನಂಬಿಬಿಟ್ಟೆ. ಎದುರಿಗೆ ಕೂತ ಹುಡುಗಿಯ ಮನಸ್ಸು ನೋಯಿಸಲು ಯಾರಿಗೆ ಇಷ್ಟ? ಬದಲಿಗೆ ನಡೆದುಹೋದದ್ದನ್ನು ಕೇಳು. "ಕಳೆದ ಸಲ ಅಮ್ಮ ಮಾತ್ರೆ ತಪ್ಪಿಸಿದ್ದು ಯಾವಾಗ? ನಿಮಗೆ ಹೇಗೆ ಗೊತ್ತಾಯ್ತು? ಆಮೇಲೆ ಏನು ಮಾಡಿದ್ರಿ?" ಅಲಾರಂ ಇಟ್ಟಿದ್ದೆ, ಪ್ರತಿ ರಾತ್ರಿ ಫೋನ್ ಮಾಡುತ್ತೇನೆ, ವಾರದ ದಿನ ಬರೆದಿರುವ ಡಬ್ಬಿ ಕೊಡಿಸಿದೆ ಅಂತ ಹೇಳಿದವರು ನಿನ್ನವರು, ಅವರು ಆಗಲೇ ಪಾಡು ಪಡುತ್ತಿದ್ದಾರೆ. "ಏನೂ ಮಾಡಲಿಲ್ಲ, ಸುಮ್ನಾದೆ" ಅಂದವರು ನಿನ್ನ ಆ್ಯಪ್ ಹೊಗಳುತ್ತಾರೆಯೇ ಹೊರತು ತೆರೆಯುವುದಿಲ್ಲ.

ಮತ್ತೆ, ನೆಂಟರನ್ನು ಲೆಕ್ಕಕ್ಕೆ ಹಿಡಿಯಬೇಡ. ಕಾರಣ ಮೇಲೆ ಹೇಳಿದ್ದೇನೆ.

ಪರದೆ ಹೇಗಿರಬೇಕು ಅನ್ನುವುದು ಬೇರೆಯದೇ ಪ್ರಶ್ನೆ, ಅದನ್ನು ಇದರ ಜೊತೆ ಕಲಸಬೇಡ. ಅದಕ್ಕೂ ಕೋಡ್ ಬೇಕಿಲ್ಲ. ಫೋನಿನಷ್ಟೇ ಅಗಲದ ಕಾಗದದ ಚೂರುಗಳಲ್ಲಿ ಒಂದೊಂದು ಪರದೆ ಬರಿ. ವಯಸ್ಸಾದ ಒಬ್ಬರ ಮುಂದೆ ಮೊದಲನೆಯದನ್ನು ಇಡು. "ಮಾತ್ರೆ ತಗೊಂಡೆ ಅಂತ ತಿಳಿಸಬೇಕು, ಎಲ್ಲಿ ಒತ್ತುತ್ತೀರಿ?" ಅನ್ನು. ಅವರು ಬೆರಳಿಟ್ಟ ಕಡೆಗೆ ತಕ್ಕಂತೆ ಮುಂದಿನ ಕಾಗದ ಇಡು. ಅಷ್ಟು ಹೊತ್ತು ನೀನು ಬಾಯಿ ಬಿಡಬಾರದು. ನಿನಗೆ ಇದು ಬಹಳ ಕಷ್ಟ ಅಂತ ಗೊತ್ತು! ಅವರ ಬೆರಳು ಗಾಳಿಯಲ್ಲೇ ನಿಂತು ಹುಡುಕಾಡುವ ಜಾಗ ಇರುತ್ತದಲ್ಲ, ಅದನ್ನು ಗುರುತು ಹಾಕಿಕೊಂಡು ರಾತ್ರಿ ಹೊಸ ಕಾಗದ ಬರಿ. ಐದು ಜನರ ಹತ್ತಿರ ಹೀಗೆ ನೋಡಿದರೆ ದೊಡ್ಡ ತೊಡಕುಗಳು ಹೆಚ್ಚುಕಮ್ಮಿ ಎಲ್ಲವೂ ಹೊರಬೀಳುತ್ತವೆ ಅಂತ ಈ ಕೆಲಸದಲ್ಲಿ ಪಳಗಿದ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಬಳಸಲು ಸುಲಭವಾ ಅನ್ನುವುದಕ್ಕೆ ಮಾತ್ರ ಈ ಐದರ ಲೆಕ್ಕ. ಬೇಕಾ ಬೇಡವಾ ಅನ್ನುವುದಕ್ಕೆ ಐದು ಜನ ಸಾಲದು.

ನನಗೆ ತುಂಬಾ ಇಷ್ಟವಾದ ಕತೆ ಒಂದಿದೆ. ಪಾಮ್ ಪೈಲಟ್ ಅಂತ 1996ರಲ್ಲಿ ಕೈಗೆ ಬಂದ ಪುಟ್ಟ ಕಂಪ್ಯೂಟರ್. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅದಕ್ಕೂ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಕತ್ತರಿಸಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಯಾರಾದರೂ ಮೀಟಿಂಗಿಗೆ ಕರೆದರೆ ಆ ಮರದ ತುಂಡು ತೆಗೆದು, ಅದರ ಮೇಲೆ ಬರೆಯುವ ಹಾಗೆ ನಟಿಸುವುದು. ಜನ ನಗುತ್ತಿದ್ದಿರಬೇಕು. ಆದರೆ ಇದನ್ನು ದಿನಕ್ಕೆಷ್ಟು ಸಲ ತೆಗೆಯುತ್ತೇನೆ, ಯಾವ ಕೆಲಸಕ್ಕೆ ತೆಗೆಯುತ್ತೇನೆ ಅಂತ ಅವನಿಗೆ ಒಂದು ಮರದ ತುಂಡು ಹೇಳಿಕೊಟ್ಟಿತು.

ಎರಡು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೊದಲನೆಯದು, ಸುಳ್ಳು ಬೇಡ. ಹನ್ನೆರಡು ಮನೆಯವರಿಗೂ "ಇದು ಪ್ರಯೋಗ, ಮೆಸೇಜ್ ಕಳಿಸುವವಳು ನಾನೇ, ಒಂದು ದಿನ ತಪ್ಪಲೂಬಹುದು, ಇದನ್ನೇ ನಂಬಿ ಕೂರಬೇಡಿ" ಅಂತ ಮೊದಲೇ ಹೇಳು. ಇದು ಶೂ ಅಲ್ಲ, ಔಷಧಿ. ನಿನಗೆ ಜ್ವರ ಬಂದು ಮಲಗಿದ ದಿನ ಒಬ್ಬರಿಗೆ ಮಾತ್ರೆ ತಪ್ಪಿದರೆ ಏನು ಗತಿ? ಯಾವ ಮಾತ್ರೆ, ಎಷ್ಟು ಅಂತ ನೀನು ಸಲಹೆ ಕೊಡಲೇಬಾರದು. ಎರಡನೆಯದು, ಯಾರಿಗೆ ಏನು ಕಾಯಿಲೆ ಅನ್ನುವುದು ಅವರ ಮನೆಯ ಗುಟ್ಟು. ಡಾಕ್ಟರ್ ಚೀಟಿಯ ಫೋಟೊ ಕೇಳಬೇಡ, "ಬೆಳಗಿನದ್ದು, ರಾತ್ರಿಯದ್ದು" ಅಂತ ಬರೆದುಕೊಂಡರೆ ಸಾಕು. ಪ್ರಯೋಗ ಮುಗಿದ ಮೇಲೆ ಶೀಟ್ ಅಳಿಸಿಬಿಡು.

ದುಡ್ಡು ಕೇಳಲು ನಾಚಿಕೆ ಪಡಬೇಡ. ಎರಡನೇ ವಾರದ ಕೊನೆಗೆ "ಮುಂದಿನ ತಿಂಗಳೂ ನಡೆಸಬೇಕೆಂದರೆ ಇಷ್ಟು ಕೊಡಬೇಕು" ಅಂತ ಕೇಳು. ಸಣ್ಣ ಮೊತ್ತವೇ ಇರಲಿ. ಹೊಗಳಿದವರೆಲ್ಲ ಆ ಹೊತ್ತಿಗೆ ಎಲ್ಲಿ ಮಾಯವಾಗುತ್ತಾರೆ ನೋಡು. ಕೆಲವರು ಗೂಗಲ್ ಫಾರ್ಮ್ ಹಾಕಿ, ಇಷ್ಟು ನೂರು ಜನ ಹೆಸರು ಬರೆಸಿದರು ಅಂತ ಬೀಗುತ್ತಾರೆ. ಇಂಟರ್ನೆಟ್ಟಿನಲ್ಲಿ ಫೈಲು ಇಡಲು ಜಾಗ ಕೊಡುವ ಡ್ರಾಪ್‌ಬಾಕ್ಸಿನವರು ಶುರುವಿನಲ್ಲಿ ಒಂದು ಪುಟ್ಟ ವಿಡಿಯೊ ಹಾಕಿದ್ದಕ್ಕೇ ಕಾಯುವವರ ಪಟ್ಟಿ ರಾತ್ರೋರಾತ್ರಿ 5,000ದಿಂದ 75,000ಕ್ಕೆ ಏರಿತ್ತಂತೆ. ಅಷ್ಟು ದೊಡ್ಡ ನೆಗೆತವಾದರೆ ಏನೋ ಇದೆ ಅಂತ ಅರ್ಥ. ನಮ್ಮ ನಿಮ್ಮಂಥವರ ಮೂವತ್ತು ನಲವತ್ತು ಹೆಸರಿಗೆ ಅಷ್ಟು ಬೆಲೆ ಇಲ್ಲ. ಹದಿನಾಲ್ಕನೇ ದಿನವೂ ಬೆಳಿಗ್ಗೆ ಉತ್ತರ ಕೊಟ್ಟವರು ಎಷ್ಟು, ದುಡ್ಡು ಕೊಟ್ಟವರು ಎಷ್ಟು, ಈ ಎರಡೇ ಲೆಕ್ಕ ನನಗೆ ಬೇಕು. ಎಷ್ಟಾದರೆ ಮುಂದುವರಿಯುತ್ತೀಯ, ಎಷ್ಟಕ್ಕಿಂತ ಕಡಿಮೆಯಾದರೆ ಬಿಡುತ್ತೀಯ ಅಂತ ಶುರು ಮಾಡುವ ಮೊದಲೇ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ನನಗೆ ಫೋಟೊ ಕಳಿಸು. ಆಮೇಲೆ ಬರೆದರೆ ಮನಸ್ಸು ಬಂದ ಅಂಕಿಗೆ ಹೊಂದಿಕೊಂಡುಬಿಡುತ್ತದೆ.

ಈಗ ಎಐಗೆ ಹೇಳಿದರೆ ಅದೇ ಆ್ಯಪ್ ಬರೆದುಕೊಡುತ್ತದೆ ಅಂತ ನೀನು ಅನ್ನಬಹುದು. ಹೌದು, ಬರೆದುಕೊಡುತ್ತದೆ. ಗೂಗಲ್ ಶೀಟನ್ನೇ ಆ್ಯಪ್ ಮಾಡಿಕೊಡುವ ಗ್ಲೈಡ್, ಆ್ಯಪ್‌ಶೀಟ್ ಥರದವೂ ಇವೆ, ವಾಟ್ಸಾಪಿನಲ್ಲಿ ಎರಡು ವಾರ ಕಳೆದ ಮೇಲೆ ಅವುಗಳ ಕಡೆ ಹೋಗು, ನಾನು ಬೇಡ ಅನ್ನಲ್ಲ. ಆದರೆ ಆ್ಯಪ್ ಒಂದು ರಾತ್ರಿಯಲ್ಲಿ ತಯಾರಾದರೂ, ಅದು ಯಾರಿಗೆ ಬೇಕು ಅನ್ನುವುದು ಒಂದು ರಾತ್ರಿಯಲ್ಲಿ ತಿಳಿಯುವುದಿಲ್ಲ. ಇನ್ನೊಂದು ಗೊತ್ತಾ? ಗೂಗಲ್ ಪ್ಲೇ ಸ್ಟೋರಿನಲ್ಲಿ ಹೊಸದಾಗಿ ಸ್ವಂತ ಹೆಸರಿನ ಅಕೌಂಟ್ ತೆರೆದವರು ಆ್ಯಪ್ ಬಿಡುವ ಮೊದಲು ಕನಿಷ್ಠ 12 ಜನರ ಹತ್ತಿರ ಬಿಡದೆ 14 ದಿನ ಪರೀಕ್ಷೆ ಮಾಡಿಸಬೇಕು. ನಾನು ಹನ್ನೆರಡು ಮನೆ, ಎರಡು ವಾರ ಅಂದದ್ದು ಅದನ್ನೇ ನೋಡಿ. ಆ ಹನ್ನೆರಡು ಜನ ಈಗಲೇ ನಿನಗೆ ಸಿಗದಿದ್ದರೆ ಆಗ ಎಲ್ಲಿಂದ ತರುತ್ತೀಯ?

ಯೋಚನೆ ಕದ್ದುಬಿಟ್ಟರೆ ಅಂತ ಹೆದರಬೇಡ. ಬೆಳಿಗ್ಗೆ 8ಕ್ಕೆ ಎದ್ದು ಹನ್ನೆರಡು ಮನೆಗೆ ಮೆಸೇಜ್ ಕಳಿಸುವ ಕೆಲಸ ಯಾರೂ ಕದಿಯುವುದಿಲ್ಲ.

ಸೋಮವಾರದಿಂದ ಶುರು ಮಾಡು. ಭಾನುವಾರ ಒಂದು ದಿನ ಬೇಕಾದರೆ ನಮ್ಮ ಮನೆಯಲ್ಲಿ ರಿಹರ್ಸಲ್ ಮಾಡಿಕೋ. ಅಜ್ಜಿಗೆ ಹೇಳಿದ್ದೇನೆ, "ಮೊಮ್ಮಗಳು ಮೆಸೇಜ್ ಮಾಡ್ತಾಳೆ, ಉತ್ತರ ಕೊಡು" ಅಂತ. "ಅವಳು ಕೇಳಿದ್ರೆ ನಿಜ ಹೇಳ್ತೀನಿ" ಅಂದಿದ್ದಾರೆ. ನಾನು ದಿಂಬಿನ ಕೆಳಗೂ ಒಂದು ಸಲ ನೋಡಿ ನಿನಗೆ ತಿಳಿಸುತ್ತೇನೆ. ನಮ್ಮ ಮನೆ ಮಾತ್ರ ಹನ್ನೆರಡರ ಲೆಕ್ಕಕ್ಕೆ ಸೇರಿಸಬೇಡ.

ಇಂತಿ,
ನಿನ್ನ ಚಿಕ್ಕಮ್ಮ