ನಾರುವ ಗ್ಲೌಸ್ ಎಸೆಯಬೇಡಿ, ಒಳಗಿನ ಉಪ್ಪು ತೊಳೆಯಿರಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಮಂಗಳೂರು–ಉಡುಪಿ ಹೆದ್ದಾರಿಯಲ್ಲಿ ಓಡಾಡುವ ಬೈಕ್ ಸವಾರರ ಕೈಯಿಂದ ಗ್ಲೌಸ್ ಮಾಯವಾಗಿಬಿಡುತ್ತದೆ. ಹೆಲ್ಮೆಟ್ ಇರುತ್ತದೆ, ರೈನ್‌ಕೋಟ್ ಇರುತ್ತದೆ, ಕೈ ಮಾತ್ರ ಬರಿದು. ಕೇಳಿದರೆ ಸಿಗುವ ಉತ್ತರ ಒಂದೇ: "ನಾರ್ತದೆ ಮಾರಾಯ್ರೆ, ಹಾಕ್ಲಿಕ್ಕೆ ಆಗುದಿಲ್ಲ." ಮೋಟಾರು ವಾಹನ ಕಾಯ್ದೆ, 1988ರ ಕಲಂ 129 ಹೆಲ್ಮೆಟ್ ಕಡ್ಡಾಯ ಮಾಡಿದೆ, ಗ್ಲೌಸಿನ ಮಾತೆತ್ತಿಲ್ಲ, ಹಾಗಾಗಿ ಬಿಟ್ಟರೆ ಕೇಳುವವರೂ ಇಲ್ಲ. ಆದರೆ ಬೈಕ್ ಜಾರಿದ ಕ್ಷಣ ಯಾರೇ ಆಗಲಿ ತಮಗರಿವಿಲ್ಲದೆಯೇ ಕೈಯೂರುತ್ತಾರೆ. ಡಾಂಬರಿಗೆ ಉಜ್ಜಿ ಅಂಗೈ ಕಿತ್ತುಹೋದರೆ ವಾರಗಟ್ಟಲೆ ಅನ್ನ ಕಲಸಿಕೊಳ್ಳಲೂ ಆಗುವುದಿಲ್ಲ. ಬರೀ ವಾಸನೆಗಾಗಿ ಒಳ್ಳೆಯ ಚರ್ಮದ ಗ್ಲೌಸನ್ನು ಅಟ್ಟಕ್ಕೆ ಎಸೆಯುವ ಅಗತ್ಯ ಖಂಡಿತ ಇಲ್ಲ.

ವಾಸನೆ ಹುಟ್ಟುವುದು ಚರ್ಮದಲ್ಲಲ್ಲ, ಒಳಗಿನ ಲೈನಿಂಗ್‌ನಲ್ಲಿ. ಅಂಗೈ ಬೆವರೆಂದರೆ ನೀರು, ಉಪ್ಪು, ಚೂರು ಯೂರಿಯಾ, ಲ್ಯಾಕ್ಟಿಕ್ ಆಮ್ಲ. ಅದಾಗಿಯೇ ನಾರುವುದು ತೀರಾ ಕಡಿಮೆ. ಬೆವರಿನೊಂದಿಗೆ ಲೈನಿಂಗ್‌ಗೆ ಅಂಟುವ ಸತ್ತ ಚರ್ಮದ ಹೊಟ್ಟನ್ನು ಬ್ಯಾಕ್ಟೀರಿಯಾ ತಿಂದು ಐಸೋವಲೆರಿಕ್ ಆಮ್ಲವನ್ನು ಬಿಡುತ್ತವೆ. ದಿನವಿಡೀ ಬೂಟಿನೊಳಗಿದ್ದ ಸಾಕ್ಸಿನ ಹುಳಿ ನಾತವೂ ಇದರದ್ದೇ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ತೇವ. ಆ ತೇವ ನಮ್ಮ ಕರಾವಳಿಯಲ್ಲಿ ಯಾಕೆ ಆರುವುದಿಲ್ಲ ಎಂಬುದೇ ಇಲ್ಲಿ ಮುಖ್ಯ ವಿಷಯ.

ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡದ ಮನೆ ಈ ಎರಡು ಜಿಲ್ಲೆಗಳಲ್ಲಿ ಇರಲಾರದು. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿ ಹೆಚ್ಚಿನ ಹೊತ್ತು ಅದಕ್ಕಿಂತ ಒದ್ದೆಯಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಬೆವರು ಕುಡಿದ ಗ್ಲೌಸೂ ಒಂದು ಉಪ್ಪಿನ ಭರಣಿಯೇ. ಫ್ಯಾನಿನಡಿ ನಾಲ್ಕು ದಿನ ತೂಗುಹಾಕಿದರೂ ಬೆರಳು ಒಳಗಿಟ್ಟರೆ ತಣ್ಣಗೆ ಜಿಗುಟು. "ಚೆನ್ನಾಗಿ ಒಣಗಿಸಿ, ಸಾಕು" ಎಂಬ ಘಟ್ಟದ ಮೇಲಿನ ಸಲಹೆ ನಮ್ಮಲ್ಲಿ ನಡೆಯದಿರುವುದು ಇದಕ್ಕೇ. ಉಪ್ಪನ್ನು ತೊಳೆದು ತೆಗೆಯದೆ ಗ್ಲೌಸ್ ಒಣಗುವುದಿಲ್ಲ.

ತೊಳೆಯುವ ಮುಂಚೆ ಮೂಸಿ ನೋಡಿ. ಹುಳಿ ನಾತವಾದರೆ ನೇರವಾಗಿ ತೊಳೆಯಬಹುದು. ಹಳೆ ಚಾಪೆಯಂತೆ ಮುಗ್ಗಲು ವಾಸನೆ ಬಂದರೆ, ಹೊಲಿಗೆಯ ಸಂದಿನಲ್ಲಿ ಬಿಳಿ–ಹಸಿರು ಪುಡಿ ಕಂಡರೆ ಅದು ಬೂಷ್ಟು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಮನೆಯ ಹೊರಗೆ, ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಒಣಗಿದ್ದಂತೆಯೇ ಉಜ್ಜಿ ಉದುರಿಸಿ. ಒದ್ದೆ ಮಾಡಿ ಉಜ್ಜಿದರೆ ಬೂಷ್ಟಿನ ಬೀಜಕಣ ಹೊಲಿಗೆಯೊಳಗೆ ಇಳಿಯುತ್ತದೆ. ಬಳಿಕ ಅಡುಗೆಯ ಬಿಳಿ ವಿನೆಗರ್ 50 ಮಿ.ಲೀ., ನೀರು 50 ಮಿ.ಲೀ. ಬೆರೆಸಿ ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಬಿಡಬೇಕು. ಬಣ್ಣ ಬಿಡುತ್ತದೋ ಎಂದು ಮೊದಲು ಮಣಿಕಟ್ಟಿನ ಒಳಮಗ್ಗುಲಲ್ಲಿ ಒಂದು ಚುಕ್ಕೆಯಷ್ಟು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇನ್ನು ತೊಳೆಯುವ ಕ್ರಮ. ಬೇಸಿನ್‌ನಲ್ಲಿ ಎರಡು ಲೀಟರ್ ನೀರು. ಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಬಿಸಿ ನೀರು ಚರ್ಮ ಹದ ಮಾಡುವಾಗ ಕುಡಿಸಿದ ಎಣ್ಣೆಯನ್ನು ಎಳೆದುಬಿಡುತ್ತದೆ. ಅದಕ್ಕೆ ಒಂದು ಟೀ ಚಮಚ, ಅಂದರೆ 5 ಮಿ.ಲೀ., ಮಕ್ಕಳ ಶಾಂಪೂ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಅದು ಕ್ಷಾರ. ಗ್ಲೌಸ್ ಹಾಕಿಕೊಂಡೇ ಕೈಯನ್ನು ನೀರಿಗೆ ಅದ್ದಿ, ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯುವಂತೆ ಅಂಗೈ, ಬೆರಳ ಸಂದು, ಹೆಬ್ಬೆರಳ ಬುಡ ಉಜ್ಜಿ. ಆಮೇಲೆ ಕಳಚಿ, ಶಾಂಪೂ ನೀರನ್ನು ಒಳಗೆ ತುಂಬಿಸಿ ಐದು ನಿಮಿಷ ಬಿಟ್ಟು, ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಅದುಮಿ ನೀರು ಹೊರಡಿಸಿ. ಹೊರಬರುವ ನೀರು ಕಷಾಯದ ಬಣ್ಣಕ್ಕಿರುತ್ತದೆ. ಕಪ್ಪು ಗ್ಲೌಸಾದರೆ ಅದರಲ್ಲಿ ಬಣ್ಣದ ಪಾಲೂ ಇರುವುದರಿಂದ ಗಾಬರಿ ಬೇಡ. ನೊರೆ ಪೂರ್ತಿ ಹೋಗುವವರೆಗೆ ಮೂರು ನಾಲ್ಕು ಸಲ ಹೊಸ ನೀರು ತುಂಬಿಸಿ ಚೆಲ್ಲಿ. ಕೊನೆಯ ನೀರಿಗೆ ಮಾತ್ರ ಲೀಟರಿಗೆ 15 ಮಿ.ಲೀ. ವಿನೆಗರ್. ಕ್ರೋಮ್ ಹದ, ಅಂದರೆ ಕ್ರೋಮಿಯಂ ಲವಣದಿಂದ ಹದ, ಮಾಡಿದ ಚರ್ಮ ಸ್ವಭಾವತಃ ಆಮ್ಲದ ಕಡೆಗಿರುತ್ತದೆ, ಪಿಎಚ್ 4ರ ಆಸುಪಾಸು. ಹಾಗಾಗಿ ವಿನೆಗರ್ ಅದಕ್ಕೆ ಹೊಂದುತ್ತದೆ. ವಿನೆಗರಿನ ಘಾಟು ಒಣಗುತ್ತಾ ಹಾರಿಹೋಗುತ್ತದೆ.

ಗ್ಲೌಸ್ ಕೆಡುವುದು ಕೊಳೆಯಿಂದ ಮಾತ್ರವಲ್ಲ, ಕಳಚುವ ರಭಸದಿಂದಲೂ. ಒದ್ದೆ ಕೈಯನ್ನು ಗಕ್ಕನೆ ಎಳೆದರೆ ಬೆರಳಿಗೆ ಅಂಟಿದ ಲೈನಿಂಗ್ ತುದಿಯ ಹೊಲಿಗೆ ಬಿಟ್ಟು ಹೊರಗೆ ಬರುತ್ತದೆ. ಒಮ್ಮೆ ಬಂತೆಂದರೆ ಆ ಬೆರಳು ಮತ್ತೆ ಸಲೀಸಾಗಿ ಒಳಗೆ ಹೋಗದು. ಪ್ರತಿ ಬೆರಳಿನ ತುದಿಯನ್ನು ಹೊರಗಿನಿಂದ ಚಿವುಟಿ ಹಿಡಿದು ಅರ್ಧ ಇಂಚು ಸಡಿಲಿಸಿ, ಐದೂ ಸಡಿಲವಾದ ಮೇಲೆ ಕೈ ಜಾರಿಸಿ. ಲೈನಿಂಗ್ ಹೊರಬಂದೇ ಬಿಟ್ಟಿದ್ದರೆ, ಗ್ಲೌಸ್ ಇನ್ನೂ ಒದ್ದೆಯಾಗಿರುವಾಗಲೇ ಪೆನ್ಸಿಲಿನ ಮೊಂಡು ತುದಿಯಿಂದ ಬೆರಳ ಕೊನೆಯವರೆಗೆ ದೂಡಿ ಕೂರಿಸಬೇಕು. ಒಣಗಿದ ಮೇಲೆ ಅದು ಮುದುಡಿದ ಜಾಗದಲ್ಲೇ ನಿಂತುಬಿಡುತ್ತದೆ.

ಹಿಂಡಬಾರದು, ತಿರುಚಬಾರದು. ದಪ್ಪ ಬೈರಾಸಿನಲ್ಲಿ ಸುತ್ತಿ ಮೇಲಿಂದ ಒತ್ತಿ, ಎರಡು ಸಲ ಬೈರಾಸು ಬದಲಿಸಿ. ಒಳಗೆ ಹಳೆ ಹತ್ತಿ ಬಟ್ಟೆಯ ಚೂರು ತುರುಕಿ ಒಂದು ಗಂಟೆ ಬಿಟ್ಟು ತೆಗೆಯಿರಿ. ಪತ್ರಿಕೆಯ ಕಾಗದ ಬೇಡ, ಶಾಯಿ ಲೈನಿಂಗ್‌ಗೆ ಹಿಡಿಯುತ್ತದೆ. ನಂತರ ಬೆರಳು ಮೇಲೆ, ಬಾಯಿ ಕೆಳಗೆ ಬರುವಂತೆ ನೇತುಹಾಕಬೇಕು. ನೀರು ಇಳಿಯುವುದೂ ಹಾಗೆಯೇ. ಬಾಯಿ ಮುಚ್ಚಿಕೊಳ್ಳದಂತೆ ಒಂದು ಇಂಚಿನ ಪಿವಿಸಿ ಪೈಪಿನ ತುಂಡು ಸಿಕ್ಕಿಸಿ, ಟೇಬಲ್ ಫ್ಯಾನ್ ಗಾಳಿ ಅದರೊಳಗೆ ಹೋಗುವಂತೆ ಇಟ್ಟರೆ ಆಟಿಯ ಮಳೆಯಲ್ಲೂ ಎರಡು ಮೂರು ದಿನಕ್ಕೆ ಒಣಗುತ್ತದೆ. ನೀರು ತಡೆಯುವ ಪದರ ಇರುವ ಗ್ಲೌಸ್ ಇನ್ನೂ ಒಂದೆರಡು ದಿನ ಕೇಳುತ್ತದೆ, ಅದರಲ್ಲಿ ಎರಡು ಪದರಗಳ ನಡುವೆ ನೀರು ಸಿಕ್ಕಿಕೊಂಡಿರುತ್ತದೆ.

ಬಚ್ಚಲ ಒಲೆಯ ಮೇಲಿನ ಹಗ್ಗ ನಮ್ಮ ಮನೆಗಳಲ್ಲಿ ಮಳೆಗಾಲದ ಸಕಲ ಬಟ್ಟೆಗೂ ಆಸರೆ. ಗ್ಲೌಸಿಗೆ ಮಾತ್ರ ಅದು ಶತ್ರು. ಒದ್ದೆ ಚರ್ಮಕ್ಕೆ ಬೆಂಕಿಯ ಕಾವು ತಾಗಿದರೆ ಅದರ ನಾರು ಸಂಕುಚಿಸಿ ಬೆರಳು ಗಿಡ್ಡವಾಗುತ್ತದೆ, ಚರ್ಮ ಹಪ್ಪಳದಂತೆ ಗಟ್ಟಿಯಾಗುತ್ತದೆ, ಗೆಣ್ಣಿನ ಮೇಲಿನ ರಕ್ಷಾಕವಚದ ಅಂಟು ಬಿಡುತ್ತದೆ. ಮೇಲಿಂದ ಹೊಗೆ ವಾಸನೆ ಬೇರೆ. ಬಿಸಿ ಸೈಲೆನ್ಸರ್ ಮೇಲೆ ಇಡುವುದು, ಹೇರ್ ಡ್ರೈಯರಿನ ಬಿಸಿ ಗಾಳಿ, ಹಲಸಿನ ಹಪ್ಪಳ ಒಣಗಿಸುವ ಮಟಮಟ ಬಿಸಿಲು, ಎಲ್ಲ ಒಂದೇ ಲೆಕ್ಕ. ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆ ಸಿಕ್ಕಿದರೆ ತೊಂದರೆಯಿಲ್ಲ.

ಇನ್ನೂ ತುಸು ಹಸಿ ಇರುವಾಗಲೇ ಹಾಕಿಕೊಂಡು ಹತ್ತಿಪ್ಪತ್ತು ಸಲ ಮುಷ್ಟಿ ಕಟ್ಟಿ ಬಿಡಿಸಿ, ಆಕಾರ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಲೆದರ್ ಕಂಡೀಷನರ್ ಒಂದು ಗ್ಲೌಸಿಗೆ ಕಾಲು ಟೀ ಚಮಚ, ಹೊರಮೈಗೆ ಮಾತ್ರ. ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಚ್ಚುವವರು ಬಹಳ. ಅದು ಚರ್ಮದಲ್ಲಿ ಇಳಿದು ಕಪ್ಪಾಗಿಸುತ್ತದೆ, ಧೂಳು ಹಿಡಿಯುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಮಳೆಯಲ್ಲಿ ಬ್ರೇಕ್ ಲಿವರ್ ಮೇಲೆ ಬೆರಳು ಜಾರುತ್ತದೆ. ಅಂಗೈಯಲ್ಲಿ ಸ್ವೇಡ್, ಅಂದರೆ ಮಖಮಲ್ಲಿನಂತೆ ನವಿರು ಜುಂಗಿನ ಚರ್ಮ, ಇರುವ ಗ್ಲೌಸಾದರೆ ಆ ಭಾಗಕ್ಕೆ ಏನನ್ನೂ ಹಚ್ಚಬೇಡಿ.

ವಾಟ್ಸಾಪಿನಲ್ಲಿ ಓಡಾಡುವ ಮದ್ದುಗಳ ಬಗ್ಗೆಯೂ ಹೇಳಬೇಕು. ಅಡುಗೆ ಸೋಡಾ ಹುಳಿ ವಾಸನೆಯ ಆಮ್ಲವನ್ನು ಕೊಲ್ಲುವುದು ನಿಜ. ಆದರೆ ನೇರ ಒಳಗೆ ಸುರಿದರೆ ಬೆವರಿನೊಂದಿಗೆ ಸೇರಿ ಕ್ಷಾರವಾಗಿ ಚರ್ಮವನ್ನು ಬಿರುಸು ಮಾಡುತ್ತದೆ, ಕೊನೆಗೆ ಒಳಗೆ ಇನ್ನೊಂದು ಬಗೆಯ ಉಪ್ಪು ಉಳಿಯುತ್ತದೆ. ಬೇಕೇ ಬೇಕಾದರೆ ಒಂದು ದೊಡ್ಡ ಚಮಚ ಸೋಡಾವನ್ನು ತೆಳು ಸಾಕ್ಸಿನಲ್ಲಿ ಗಂಟು ಕಟ್ಟಿ, ಒಣಗಿದ ಗ್ಲೌಸಿನೊಳಗೆ ಒಂದು ರಾತ್ರಿ ಇಡಿ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿದರೆ ನೊರೆ ಬರುತ್ತದೆ ಅಷ್ಟೆ, ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ಫ್ರೀಜರಿನಲ್ಲಿಟ್ಟರೆ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಹೋಗಿ ಕೈಯ ಬಿಸಿ ತಾಗಿದೊಡನೆ ಏಳುತ್ತವೆ. ಶೇ. 70ರ ಸ್ಪಿರಿಟನ್ನು ಲೈನಿಂಗ್‌ಗೆ ಎರಡು ಸಲ ಸಿಂಪಡಿಸುವುದು ತುರ್ತಿಗೆ ಸರಿ, ಪದೇ ಪದೇ ಮಾಡಿದರೆ ಬಣ್ಣವೂ ಎಣ್ಣೆಯೂ ಹೋಗುತ್ತದೆ. ಬ್ಲೀಚಿಂಗ್ ದ್ರಾವಣವನ್ನಂತೂ ಹತ್ತಿರ ತರಬಾರದು, ಅದು ಚರ್ಮದ ಪ್ರೋಟೀನನ್ನೇ ತಿನ್ನುತ್ತದೆ. ಸೆಂಟ್ ಹೊಡೆದರೆ ಎರಡು ವಾಸನೆ.

ಒಮ್ಮೆ ತೊಳೆದದ್ದು ಉಳಿಯಬೇಕಾದರೆ ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ, ಅದನ್ನು ದಿನಾ ಒಗೆಯಿರಿ. ಉಪ್ಪು ಅದರಲ್ಲೇ ನಿಲ್ಲುತ್ತದೆ. ಗ್ಲೌಸನ್ನು ಸ್ಕೂಟರ್ ಡಿಕ್ಕಿಯಲ್ಲಿ, ಹೆಲ್ಮೆಟ್ಟಿನೊಳಗೆ ತುರುಕಬೇಡಿ. ಮನೆಯಲ್ಲಿ ಗಟ್ಟಿ ಮುಚ್ಚಳದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂ ಹಾಕಿ ಒಣಗಿದ ಗ್ಲೌಸ್ ಇಟ್ಟರೆ ಬೂಷ್ಟು ಬಾರದು. ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದೇ ಕೊಳ್ಳಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ.

ಸವಾರಿ ಮುಗಿಸಿ ಬರುವವರಿಗೆ ಒದ್ದೆ ಗ್ಲೌಸ್ ನೇತುಹಾಕಲು ಕಚೇರಿ, ಕಾಲೇಜುಗಳ ಪಾರ್ಕಿಂಗಿನ ಮಾಡಿನಡಿ ಒಂದು ಹಗ್ಗ, ಹತ್ತು ಕ್ಲಿಪ್ಪು ಇಟ್ಟರೆ ಆಡಳಿತಕ್ಕೆ ದೊಡ್ಡ ಖರ್ಚೇನಿಲ್ಲ. ಗ್ಲೌಸ್ ಮಾರುವ ಅಂಗಡಿಯವರಲ್ಲಿ ಇನ್ನೊಂದು ವಿನಂತಿ: ಒಳಗಿನ ಪಟ್ಟಿಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿರುವ ಸೂಚನೆಯನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಮುದ್ರಿಸಿ ಬಿಲ್ಲಿನ ಜೊತೆ ಕೊಡಿ. ಮೇ ಕೊನೆಯಲ್ಲಿ ಕೊಟ್ಟರೆ ಜೂನ್‌ಗೆ ಉಪಯೋಗಕ್ಕೆ ಬರುತ್ತದೆ.

– ಓದುಗರು, ಕಟಪಾಡಿ, ಉಡುಪಿ